ಲಿಂಕ್ ಒತ್ತಿದವರ ಹೆಸರು ನೋಟಿಸ್ ಬೋರ್ಡಿಗೇಕೆ?

ಓದುಗರ ಪತ್ರ: ನಾನು ಪಟ್ಟಣ ಸಹಕಾರ ಬ್ಯಾಂಕೊಂದರ ಶಾಖೆಯಲ್ಲಿ ಗುಮಾಸ್ತ. ಸಿಬ್ಬಂದಿಯನ್ನು ಪರೀಕ್ಷಿಸಲು ಆಡಳಿತದವರೇ ಕಳುಹಿಸಿದ ನಕಲಿ ಇ-ಮೇಲ್‌ನ ಲಿಂಕ್ ಒತ್ತಿದವರ ಹೆಸರುಗಳನ್ನು ನೋಟಿಸ್ ಬೋರ್ಡಿಗೆ ಹಾಕಿ, ಲಿಖಿತ ವಿವರಣೆ ಕೇಳಿದ್ದಾರೆ. ಅದರಲ್ಲಿ ನನ್ನ ಹೆಸರೂ ಇದೆ. ಆದರೆ ಕೆಲಸ ನಿಲ್ಲುತ್ತದೆಂಬ ಕಾರಣಕ್ಕೆ ನಮ್ಮ ಶಾಖೆಯ ಕಂಪ್ಯೂಟರುಗಳಿಗೆ ತಿಂಗಳುಗಳಿಂದ ಅಪ್‌ಡೇಟ್ ಹಾಕಿಲ್ಲ. ಸುರಕ್ಷತೆಯ ಹೊಣೆ ಯಾರದು? ನನ್ನಂಥವರು ಮಾಡಬಹುದಾದದ್ದೇನು?

ಸಂಪಾದಕರ ಉತ್ತರ: ಹೆಸರು ಹಾಕಿದ್ದು ತಪ್ಪು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಪರೀಕ್ಷೆ ನಡೆಸಿದ್ದು ತಪ್ಪಲ್ಲ. ಅದರ ಫಲಿತಾಂಶವನ್ನು ಸಿಬ್ಬಂದಿಯ ಮಾನಕ್ಕೆ ಕಟ್ಟಿದ್ದು ತಪ್ಪು. ನಿಮ್ಮ ಪತ್ರದ ಎರಡು ದೂರುಗಳೂ ಒಂದೇ ದೋಷದಿಂದ ಹುಟ್ಟಿವೆ ಎಂದು ನನಗನ್ನಿಸುತ್ತದೆ: ವ್ಯವಸ್ಥೆ ಮಾಡಬೇಕಾದ ಕೆಲಸವನ್ನು ವ್ಯಕ್ತಿಯ ಎಚ್ಚರದ ಮೇಲೆ ಹೊರಿಸುವುದು.

ಇದರ ಪರಿಣಾಮವನ್ನು ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯ ಪ್ರಕರಣದಲ್ಲಿ ಕಾಣಬಹುದು. ಜನರ ಸಾಲದ ವಿವರಗಳನ್ನು ಸಂಗ್ರಹಿಸಿಡುವ ಆ ಸಂಸ್ಥೆ ಬಳಸುತ್ತಿದ್ದ ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದ ಗಂಭೀರ ದೋಷವೊಂದು 2017ರ ಮಾರ್ಚ್ 7ರಂದು, ಅದನ್ನು ಸರಿಪಡಿಸುವ ಪ್ಯಾಚ್ ಸಮೇತ, ಬಹಿರಂಗವಾಯಿತು. ಮರುದಿನವೇ ಸರ್ಕಾರದ ಸೈಬರ್ ತುರ್ತು ತಂಡ ಎಚ್ಚರಿಕೆ ನೀಡಿತು. ಅದರ ಮರುದಿನ ಸಂಸ್ಥೆಯೊಳಗೆ 400ಕ್ಕೂ ಹೆಚ್ಚು ಮಂದಿಗೆ ಇ-ಮೇಲ್ ಹೋಯಿತು. 48 ಗಂಟೆಗಳೊಳಗೆ ಪ್ಯಾಚ್ ಹಾಕಬೇಕೆಂಬ ನಿಯಮವೂ ಇತ್ತು. ಆದರೆ ವಿಳಾಸಪಟ್ಟಿ ಹಳೆಯದಾಗಿದ್ದರಿಂದ ಪ್ಯಾಚ್ ಹಾಕಬೇಕಾದವರಿಗೇ ಸೂಚನೆ ತಲುಪಲಿಲ್ಲ. ವಾರದ ಬಳಿಕ ನಡೆಸಿದ ಸ್ಕ್ಯಾನ್ ಕೂಡ ದೋಷವಿದ್ದ ಸರ್ವರನ್ನು ಗುರುತಿಸಲಿಲ್ಲ. ಮೇ ತಿಂಗಳಲ್ಲಿ ನುಸುಳಿದ ಕಳ್ಳರು ಗೂಢಲಿಪಿಯಿಲ್ಲದೆ ಇಟ್ಟಿದ್ದ ಪಾಸ್‌ವರ್ಡುಗಳನ್ನು ಹಿಡಿದು ಇನ್ನಷ್ಟು ಒಳಕ್ಕೆ ಹೋದರು. ಜಾಲದಲ್ಲಿ ಹರಿಯುವ ಮಾಹಿತಿಯನ್ನು ಪರಿಶೀಲಿಸಬೇಕಿದ್ದ ಉಪಕರಣದ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದಿದ್ದರಿಂದ ಅವರ ಓಡಾಟ ಯಾರ ಕಣ್ಣಿಗೂ ಬೀಳಲಿಲ್ಲ. ಜುಲೈ 29ರಂದು, ಆ ಪ್ರಮಾಣಪತ್ರ ನವೀಕರಿಸಿದ ಬಳಿಕ, ವಿಷಯ ತಿಳಿಯುವ ಹೊತ್ತಿಗೆ ಸುಮಾರು 14.7 ಕೋಟಿ ಜನರ ಮಾಹಿತಿ ಅವರ ಕೈಸೇರಿತ್ತು.

ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಈಕ್ವಿಫ್ಯಾಕ್ಸ್‌ನ ಮಾಜಿ ಮುಖ್ಯಸ್ಥ ರಿಚರ್ಡ್ ಸ್ಮಿತ್, ಸ್ಕ್ಯಾನರಿನ ವೈಫಲ್ಯದ ಜೊತೆಗೆ, ಸೂಚನೆಯನ್ನು ಮುಂದಕ್ಕೆ ತಲುಪಿಸದ ಒಬ್ಬ ನೌಕರನ ಲೋಪವನ್ನೂ ಕಾರಣವಾಗಿ ಹೇಳಿದರು. ಒಬ್ಬರು ಮರೆತರೆ ಕೋಟ್ಯಂತರ ಜನರ ಮಾಹಿತಿ ಬಯಲಾಗುವಂತೆ ವ್ಯವಸ್ಥೆಯನ್ನು ಕಟ್ಟಿದವರು ಯಾರು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ.

ನಿಮ್ಮ ಬ್ಯಾಂಕಿನಲ್ಲಿ ಲಿಂಕ್ ಒತ್ತಿದ ಗುಮಾಸ್ತನ ಬಗ್ಗೆಯೂ ಇದೇ ಮಾತು. ನೂರಾರು ಇ-ಮೇಲ್‌ಗಳ ನಡುವೆ, ಕೌಂಟರಿನ ಮುಂದೆ ಗ್ರಾಹಕರ ಸಾಲು ನಿಂತಿರುವಾಗ, ಯಾರಾದರೂ ಒಂದು ದಿನ ಮೋಸಹೋಗಿಯೇ ಹೋಗುತ್ತಾರೆ. ಹಾಗೆ ಒತ್ತಿದವರು ಐದು ನಿಮಿಷದೊಳಗೆ ಫೋನ್ ಮಾಡಿ ತಿಳಿಸಿದರೆ ಆ ಕಂಪ್ಯೂಟರನ್ನು ಜಾಲದಿಂದ ಬೇರ್ಪಡಿಸಬಹುದು, ಪಾಸ್‌ವರ್ಡ್ ಬದಲಿಸಬಹುದು. ಹೆಸರು ಬೋರ್ಡಿಗೇರುತ್ತದೆಂಬ ಅಂಜಿಕೆಯಿದ್ದರೆ ಅವರು ಸುಮ್ಮನಿರುತ್ತಾರೆ. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ತನಗೆ ವರದಿ ಮಾಡಬೇಕೆಂದು ಭಾರತ ಸರ್ಕಾರದ ಸೈಬರ್ ತುರ್ತು ತಂಡವಾದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ನೀಡಿದೆ. ಸಿಬ್ಬಂದಿಯೇ ಬಾಯಿ ಬಿಡದಿದ್ದರೆ ಅದು ಆಡಳಿತದ ಗಮನಕ್ಕೆ ಬರುವುದು ಹೇಗೆ? ಆದ್ದರಿಂದ ಇಂಥ ಪರೀಕ್ಷೆಗಳಲ್ಲಿ ಎಷ್ಟು ಜನ ಒತ್ತಿದರು ಎಂಬುದಕ್ಕಿಂತ ಎಷ್ಟು ಜನ, ಎಷ್ಟು ಬೇಗ ತಿಳಿಸಿದರು ಎಂಬುದನ್ನು ಎಣಿಸಬೇಕು. ಜಾಗೃತಿ ತರಬೇತಿಗೆ ಆಡಳಿತ ಮಂಡಳಿಯ ಸದಸ್ಯರೂ ಕೂರಬೇಕು.

ಇನ್ನು ಅಪ್‌ಡೇಟ್ ವಿಷಯ. 2017ರ ಮೇ 12ರಂದು ಹರಡಿದ ವನ್ನಾಕ್ರೈ ಎಂಬ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ ಬ್ರಿಟನ್ನಿನ ಹಲವು ಆಸ್ಪತ್ರೆಗಳ ಕೆಲಸವನ್ನು ನಿಲ್ಲಿಸಿತು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪ್ಯಾಚ್ ಕೊಟ್ಟಿತ್ತು. ಎಲ್ಲ ದೋಷಗಳನ್ನೂ ಒಂದೇ ದಿನ ಮುಚ್ಚಲು ಯಾವ ಸಂಸ್ಥೆಗೂ ಆಗದು. ಇಂಟರ್ನೆಟ್‌ಗೆ ತೆರೆದುಕೊಂಡಿರುವ ಯಂತ್ರಗಳು ಮತ್ತು ದಾಳಿಕೋರರು ಈಗಾಗಲೇ ಬಳಸುತ್ತಿರುವ ದೋಷಗಳು ಮೊದಲ ಸಾಲಿಗೆ ಬರಬೇಕು. ಅಂಥ ದೋಷಗಳ ಪಟ್ಟಿಯನ್ನು ಅಮೆರಿಕದ ಸೈಬರ್ ಸುರಕ್ಷತಾ ಸಂಸ್ಥೆ 2021ರಿಂದ ಉಚಿತವಾಗಿ ಪ್ರಕಟಿಸುತ್ತಿದೆ. ಆದರೆ ನಮ್ಮಲ್ಲಿ ಯಾವ ಯಂತ್ರವಿದೆ, ಅದರಲ್ಲಿ ಯಾವ ತಂತ್ರಾಂಶವಿದೆ ಎಂಬ ಲೆಕ್ಕವೇ ಇಲ್ಲದಿದ್ದರೆ ಆ ಪಟ್ಟಿಯಿಂದ ಉಪಯೋಗವಿಲ್ಲ.

ನಿಮ್ಮ ವಿವರಣೆಯಲ್ಲಿ ಲಿಂಕ್ ಒತ್ತಿದ ಸಮಯವನ್ನೂ ಯಾರಿಗೆ ಯಾವಾಗ ತಿಳಿಸಿದಿರಿ ಎಂಬುದನ್ನೂ ಇದ್ದುದಿದ್ದಂತೆ ಬರೆಯಿರಿ. ಇಂಥ ಸಂದರ್ಭದಲ್ಲಿ ಕರೆ ಮಾಡಲು ಒಂದು ದೂರವಾಣಿ ಸಂಖ್ಯೆ ಬೇಕೆಂದು ಕೇಳಿ. ಜೊತೆಗೆ, ನೀವು ಬಳಸುವ ಕಂಪ್ಯೂಟರಿನ ವಿಂಡೋಸ್ ಆವೃತ್ತಿ ಮತ್ತು ಕೊನೆಯ ಅಪ್‌ಡೇಟ್‌ನ ದಿನಾಂಕವನ್ನು ನಮೂದಿಸಿ, ಶಾಖಾ ವ್ಯವಸ್ಥಾಪಕರಿಂದ ಸ್ವೀಕೃತಿ ಪಡೆದುಕೊಳ್ಳಿ. ಅದು ವಿಂಡೋಸ್ 10 ಆಗಿದ್ದರೆ, ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ ಎಂಬುದನ್ನು ತಪ್ಪದೆ ಸೇರಿಸಿ. ನೀವಾಗಿಯೇ ಏನನ್ನೂ ಇನ್‌ಸ್ಟಾಲ್ ಮಾಡಲು ಹೋಗಬೇಡಿ. ಅದು ಅಧಿಕಾರವುಳ್ಳವರ ಕೆಲಸ. ಕೆಲಸ ನಿಲ್ಲುತ್ತದೆಂಬ ಆಕ್ಷೇಪಕ್ಕೆ, ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕಿಗೆ ಹೇಗೂ ರಜೆ ಇರುವುದನ್ನು ನೆನಪಿಸಬಹುದು. ತುರ್ತಿನ ಪ್ಯಾಚ್‌ಗೆ ಆ ದಿನದವರೆಗೂ ಕಾಯಬಾರದು. ಉಳಿದವುಗಳನ್ನು ಬ್ಯಾಕಪ್ ತೆಗೆದು ಒಂದು ಕಂಪ್ಯೂಟರಿಗೆ ಹಾಕಿ, ಸೋಮವಾರ ಪಾಸ್‌ಬುಕ್ ಮುದ್ರಣವೂ ಸೇರಿ ಕೌಂಟರಿನ ಕೆಲಸ ಸರಿಯಾಗಿ ನಡೆದರೆ ಮಿಕ್ಕ ಕಂಪ್ಯೂಟರುಗಳಿಗೆ ಮುಂದಿನ ರಜಾ ಶನಿವಾರ ಹಾಕಬಹುದು.