ಮಲೆನಾಡಿನ ವಿಶ್ವವಿದ್ಯಾಲಯಕ್ಕೆ ವಿಶೇಷ ಶಿಕ್ಷಣದ ಹಿರಿಯ ಪ್ರೊಫೆಸರ್ ಸಿಗುತ್ತಿಲ್ಲ, ಏನು ಮಾಡಬೇಕು?

ನಿಮ್ಮ ಪ್ರಶ್ನೆ ಓದಿದೆ. ಶಿವಮೊಗ್ಗ ಕಡೆಯ ವಿಶ್ವವಿದ್ಯಾಲಯವೊಂದರಲ್ಲಿ ವಿಶೇಷ ಶಿಕ್ಷಣ ವಿಭಾಗ ಶುರು ಮಾಡುತ್ತಿದ್ದೀರಿ. ಅದನ್ನು ಕಟ್ಟಿ ನಿಲ್ಲಿಸಲು ಹಿರಿಯರೊಬ್ಬರು ಬೇಕು. ಎರಡು ಸಲ ಪ್ರಕಟಣೆ ಕೊಟ್ಟರೂ ತಕ್ಕವರು ಬರಲಿಲ್ಲ. ಬಂದ ಅರ್ಜಿಗಳಲ್ಲಿ ಹೆಚ್ಚಿನವು ಸಾಮಾನ್ಯ ಎಂಎಡ್ ಮಾಡಿದವರದ್ದು. ಎಲ್ಲಿ ಹುಡುಕುವುದು, ಹೇಗೆ ಆರಿಸುವುದು ಅಂತ ಕೇಳಿದ್ದೀರಿ.

ನಾನು ಇದೇ ಜಿಲ್ಲೆಯವಳು. ಮೊದಲು ವಿಶೇಷ ಶಿಕ್ಷಕಿಯಾಗಿದ್ದೆ, ಆಮೇಲೆ ವಿಶೇಷ ಶಿಕ್ಷಣದ ಬಿಎಡ್‌ಗೆ ಪಾಠ ಮಾಡಿದೆ. ಕೆಲವು ಆಯ್ಕೆ ಸಮಿತಿಗಳಲ್ಲಿ ವಿಷಯ ತಜ್ಞೆಯಾಗಿ ಕೂತಿದ್ದೇನೆ. ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥವರು ಪ್ರಕಟಣೆ ನೋಡಿ ತಾವಾಗಿ ಬರುವುದು ಕಮ್ಮಿ. ನೀವೇ ಹೋಗಿ ಕರೆಯಬೇಕು. ಕರೆಯುವ ಮೊದಲು, ಅವರು ಬಂದು ಇಲ್ಲಿನ ಮಕ್ಕಳಿಗೆ ಏನು ಮಾಡಬೇಕು ಅನ್ನುವುದು ನಿಮಗೆ ಗೊತ್ತಿರಬೇಕು. ಅದು ಗೊತ್ತಿಲ್ಲದೆ ಸುಮ್ನೆ ಕುರ್ಚಿ ತುಂಬಿಸಲು ಹೊರಟರೆ ಮೂರನೇ ಪ್ರಕಟಣೆಗೂ ಇದೇ ಗತಿ.

ಮೊದಲು ಹುದ್ದೆಯ ಹೆಸರು ನೋಡಿ. ನೀವು 'ಸೀನಿಯರ್ ಪ್ರೊಫೆಸರ್' ಅಂತ ಬರೆದಿದ್ದೀರಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಅದೊಂದು ಬೇರೆಯೇ ಹುದ್ದೆ. ಪ್ರೊಫೆಸರ್ ಆಗಿ 10 ವರ್ಷದ ಅನುಭವ ಬೇಕು. ಕಳೆದ 10 ವರ್ಷದಲ್ಲಿ ಅವರ ಕೈಕೆಳಗೆ ಕನಿಷ್ಠ ಇಬ್ಬರಿಗೆ ಪಿಎಚ್‌ಡಿ ಆಗಿರಬೇಕು. ಮಂಜೂರಾದ ಪ್ರೊಫೆಸರ್ ಹುದ್ದೆಗಳಲ್ಲಿ ಶೇ. 10ಕ್ಕಿಂತ ಜಾಸ್ತಿ ಇಂಥ ಹುದ್ದೆ ಇಡುವಂತಿಲ್ಲ. ವಿಶೇಷ ಶಿಕ್ಷಣದಲ್ಲಿ ಹತ್ತು ವರ್ಷ ಪ್ರೊಫೆಸರ್ ಆಗಿದ್ದು, ಇನ್ನೂ ನಿವೃತ್ತಿಗೆ ಸಾಕಷ್ಟು ವರ್ಷ ಉಳಿದಿರುವವರು ಇಡೀ ದೇಶದಲ್ಲಿ ತೀರಾ ಕಡಿಮೆ. ನಿಮಗೆ ಬೇಕಿರುವುದು ಅನುಭವಿ ಮುಖ್ಯಸ್ಥರು ಅಷ್ಟೇ ಅಲ್ವಾ? ಹಾಗಾದರೆ 'ಪ್ರೊಫೆಸರ್' ಅಂತಲೇ ಕರೆಯಿರಿ. ಅದಕ್ಕೆ ಪಿಎಚ್‌ಡಿ, 10 ವರ್ಷದ ಬೋಧನೆ ಅಥವಾ ಸಂಶೋಧನೆ, 10 ಸಂಶೋಧನಾ ಲೇಖನ, ಸಂಶೋಧನೆಯ ಕೆಲಸಕ್ಕೆ ಯುಜಿಸಿ ಲೆಕ್ಕದಲ್ಲಿ ಸಿಗುವ 120 ಸಂಶೋಧನಾ ಅಂಕ, ಪಿಎಚ್‌ಡಿಗೆ ಮಾರ್ಗದರ್ಶನ ಮಾಡಿದ ದಾಖಲೆ ಸಾಕು. ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಮೂಲ ವೇತನ 1,44,200 ರೂಪಾಯಿಯಿಂದ ಶುರುವಾಗುತ್ತದೆ. ಹೊಸ ಪ್ರಕಟಣೆ ಹೊರಡಿಸುವ ದಿನ ಯಾವ ನಿಯಮ ಜಾರಿಯಲ್ಲಿದೆ ಅಂತ ಮಾತ್ರ ಇನ್ನೊಮ್ಮೆ ನೋಡಿಕೊಳ್ಳಿ.

ಎರಡನೆಯದು ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು. ಇಲ್ಲೇ ಹೆಚ್ಚಿನ ಪ್ರಕಟಣೆಗಳು ದಾರಿ ತಪ್ಪುವುದು. ವಿಶೇಷ ಶಿಕ್ಷಣದ ಕೋರ್ಸ್‌ಗೆ ಮಾನ್ಯತೆ ಕೊಡುವುದು 1992ರ ಕಾಯ್ದೆಯಡಿ ಬಂದ ಈ ಪರಿಷತ್ತು. ಅದರ ಕೇಂದ್ರೀಯ ರಿಜಿಸ್ಟರ್‌ನಲ್ಲಿ ಹೆಸರಿದ್ದವರನ್ನೇ ಆ ಕೋರ್ಸ್‌ನ ಮುಖ್ಯ ಅಧ್ಯಾಪಕರು ಅಂತ ಪರಿಗಣಿಸುತ್ತಾರೆ. ಸಾಮಾನ್ಯ ಎಂಎಡ್, ಶಿಕ್ಷಣಶಾಸ್ತ್ರದಲ್ಲಿ ಪಿಎಚ್‌ಡಿ ಇದ್ದ ಮಾತ್ರಕ್ಕೆ ಆಗುವುದಿಲ್ಲ. 'ಶಿಕ್ಷಣ ಅಥವಾ ಸಂಬಂಧಿತ ವಿಷಯ' ಅಂತ ಪ್ರಕಟಣೆಯಲ್ಲಿ ಹಾಕಿದ್ದರೆ ನಿಮಗೆ ಬಂದಂಥ ಅರ್ಜಿಗಳೇ ಬರುತ್ತವೆ. ಆರ್‌ಸಿಐ ನೋಂದಣಿ ಸಂಖ್ಯೆ ಕಡ್ಡಾಯ ಅಂತ ನೇರವಾಗಿ ಬರೆಯಿರಿ. ಆ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಸಂದರ್ಶನಕ್ಕೆ ಕರೆಯುವ ಮುಂಚೆಯೇ ಅದನ್ನೂ ನೋಡಿ.

ಯಾವ ಬಗೆಯ ಅಂಗವೈಕಲ್ಯದ ಕೋರ್ಸ್ ಅನ್ನುವುದನ್ನೂ ಈಗಲೇ ತೀರ್ಮಾನಿಸಿ. ದೃಷ್ಟಿದೋಷದಲ್ಲಿ ಪಳಗಿದವರನ್ನು ತಂದು ಶ್ರವಣದೋಷದ ಕೋರ್ಸ್ ಕೊಟ್ಟರೆ ಅವರಿಗೂ ಅನ್ಯಾಯ, ಮಕ್ಕಳಿಗೂ ಅನ್ಯಾಯ. ನನ್ನನ್ನು ಕೇಳಿದರೆ ಇಲ್ಲಿಗೆ ಮೊದಲು ಬೇಕಿರುವುದು ಬೌದ್ಧಿಕ ಅಸಾಮರ್ಥ್ಯ ಮತ್ತು ಬಹುವಿಧ ಅಂಗವೈಕಲ್ಯ. ಶ್ರವಣದೋಷಕ್ಕೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೆ. ಆದರೆ ಹೊಸನಗರ, ತೀರ್ಥಹಳ್ಳಿ ಕಡೆ ಶಾಲೆಗೇ ಬರಲಾಗದೆ ಮನೆಯಲ್ಲೇ ಉಳಿದ ಮಕ್ಕಳ ಪಟ್ಟಿ ನೋಡಿ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ), ತೀವ್ರ ಬೌದ್ಧಿಕ ಅಸಾಮರ್ಥ್ಯ, ಎರಡು ಮೂರು ತೊಂದರೆ ಒಟ್ಟಿಗೇ ಇರುವ ಮಕ್ಕಳೇ ಅದರಲ್ಲಿ ಕಾಣಿಸುತ್ತಾರೆ.

ಆ ಪಟ್ಟಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಹತ್ತಿರದ ಬಿಆರ್‌ಸಿಯಲ್ಲಿ, ಅಂದರೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಿಗುತ್ತದೆ. ಅಲ್ಲಿ ಬಿಐಇಆರ್‌ಟಿ ಅಂತ ಕರೆಯುವ, ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಗೃಹಾಧಾರಿತ ಶಿಕ್ಷಣಕ್ಕೆ ಮನೆ ಮನೆಗೆ ಹೋಗುವವರು ಇವರೇ. ಜುಲೈನಲ್ಲಿ ಹಳ್ಳ ತುಂಬಿದಾಗ ಕಾಲುಸಂಕ ದಾಟಿ, ತೋಟದ ಅಂಚಿನಲ್ಲಿ ಒಂದೂವರೆ ಕಿಲೋಮೀಟರ್ ನಡೆದು, ಒಂದು ಮಗುವಿನ ಹತ್ತಿರ ಒಂದು ಗಂಟೆ ಕೂತು ಬರುತ್ತಾರೆ. ಹೋದಾಗ ಏನು ಮಾಡಬೇಕು ಅಂತ ಅವರಿಗೆ ಕಲಿಸಿಕೊಡಲು ಹತ್ತಿರದಲ್ಲಿ ಯಾರೂ ಇಲ್ಲ. ನಿಮ್ಮ ಪ್ರೊಫೆಸರ್ ಈ ಶಿಕ್ಷಕರಿಗೆ ಬೆನ್ನೆಲುಬಾಗಬೇಕು. ಪ್ರಕಟಣೆಯಲ್ಲಿ 'ಜಿಲ್ಲೆಯ ಏಳೂ ತಾಲ್ಲೂಕಿನ ಬಿಆರ್‌ಸಿಗಳ ಜೊತೆ ಕೆಲಸ ಮಾಡಬೇಕು' ಅಂತ ಒಂದು ಸಾಲು ಸೇರಿಸಿ ನೋಡಿ. ಆ ಸಾಲು ಓದಿ ಹಿಂದೆ ಸರಿಯುವವರು ನಿಮಗೆ ಬೇಡ. ಓದಿ ಮನಸ್ಸಾಗುವವರೇ ಬೇಕು.

ಇನ್ನು ಎಲ್ಲಿ ಹುಡುಕುವುದು? ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಸಿಕಂದರಾಬಾದಿನಲ್ಲಿ ಬೌದ್ಧಿಕ ಅಸಾಮರ್ಥ್ಯಕ್ಕಿರುವ ರಾಷ್ಟ್ರೀಯ ಸಂಸ್ಥೆ, ಚೆನ್ನೈ ಹತ್ತಿರ ಮುಟ್ಟುಕಾಡಿನಲ್ಲಿ ಬಹುವಿಧ ಅಂಗವೈಕಲ್ಯಕ್ಕಿರುವ ಸಂಸ್ಥೆ, ಮುಂಬೈನ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯ, ಕೊಯಮತ್ತೂರಿನ ಅವಿನಾಶಿಲಿಂಗಂ. ಈ ಕ್ಷೇತ್ರದವರು ಹೆಚ್ಚಾಗಿ ಓದಿದ್ದು, ಪಾಠ ಮಾಡುತ್ತಿರುವುದು ಇಂಥ ಕಡೆ. ಅಲ್ಲಿಗೆ ಒಂದು ಪತ್ರ ಹಾಕಿ ಸುಮ್ಮನಾಗಬೇಡಿ. ಕಳೆದ ಐದಾರು ವರ್ಷದ ಪಿಎಚ್‌ಡಿ ಪ್ರಬಂಧಗಳಲ್ಲಿ ಗೈಡ್‌ಗಳ ಹೆಸರು ನೋಡಿ. ಯಾರು ನಿಜವಾದ ಶಾಲೆಗಳಲ್ಲಿ ಕೆಲಸ ಮಾಡಿಸಿದ್ದಾರೆ ಅಂತ ಓದಿ ತಿಳಿದುಕೊಳ್ಳಿ. ಆಮೇಲೆ ವಿಭಾಗದ ಪರವಾಗಿ ಜವಾಬ್ದಾರಿ ಇರುವವರೊಬ್ಬರು ಫೋನ್ ಮಾಡಲಿ. ಅರ್ಜಿ ಹಾಕಿ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಕೆಲಸ ಕೊಡುತ್ತೇವೆ ಅಂತ ಮಾತು ಕೊಡಬಾರದು ಅಷ್ಟೇ, ಆಯ್ಕೆ ಸಮಿತಿಯದ್ದೇ ಕೊನೆಯ ಮಾತು.

ಒಂದು ಎಚ್ಚರ. ರಾಷ್ಟ್ರೀಯ ಸಂಸ್ಥೆಗಳಲ್ಲಿ ಹುದ್ದೆಗಳ ಹೆಸರು ವಿಶ್ವವಿದ್ಯಾಲಯದ ಹಾಗೆ ಇರುವುದಿಲ್ಲ. ಅರ್ಜಿಗಳ ಪರಿಶೀಲನೆಯಲ್ಲಿ (ಸ್ಕ್ರೂಟಿನಿ) 'ಅಸಿಸ್ಟೆಂಟ್ ಪ್ರೊಫೆಸರ್ ಆಗಿರಲಿಲ್ಲ' ಅಂತ ಒಳ್ಳೊಳ್ಳೆಯವರ ಅರ್ಜಿಯನ್ನು ಪಕ್ಕಕ್ಕಿಟ್ಟದ್ದನ್ನು ನೋಡಿದ್ದೇನೆ. ರಾಷ್ಟ್ರಮಟ್ಟದ ಸಂಸ್ಥೆಯಲ್ಲಿ ಸಮಾನ ಮಟ್ಟದ ಸಂಶೋಧನಾ ಅನುಭವವನ್ನು ಯುಜಿಸಿ ನಿಯಮವೇ ಒಪ್ಪುತ್ತದೆ. ಇದನ್ನು ಸ್ಕ್ರೂಟಿನಿ ಮಾಡುವವರಿಗೆ ಮುಂಚೆಯೇ ತಿಳಿಸಿ.

ಅಂಗವಿಕಲರಾಗಿಯೇ ಈ ಕ್ಷೇತ್ರದಲ್ಲಿ ಮೇಲೆ ಬಂದ ವಿದ್ವಾಂಸರಿದ್ದಾರೆ. 2016ರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ. 4 ಮೀಸಲಾತಿ ಇಟ್ಟಿದೆ. ಆದರೆ ನಮ್ಮ ಪ್ರಕಟಣೆಗಳು ಹೇಗಿರುತ್ತವೆ? ಮುದ್ರಿಸಿ, ಸಹಿ ಹಾಕಿ, ಸೀಲು ಒತ್ತಿ, ಸ್ಕ್ಯಾನ್ ಮಾಡಿದ ಪಿಡಿಎಫ್. ಕಣ್ಣು ಕಾಣದವರು ಕಂಪ್ಯೂಟರ್‌ನಲ್ಲಿ ಬಳಸುವ ಸ್ಕ್ರೀನ್ ರೀಡರ್‌ಗೆ ಅದು ಬರೀ ಚಿತ್ರ, ಒಂದಕ್ಷರವೂ ಕೇಳಿಸುವುದಿಲ್ಲ. ವಿಶೇಷ ಶಿಕ್ಷಣದ ಪ್ರೊಫೆಸರ್ ಬೇಕು ಅನ್ನುವ ಪ್ರಕಟಣೆಯನ್ನೇ ಅಂಧ ಪ್ರೊಫೆಸರ್ ಒಬ್ಬರು ಓದಲಾಗದು ಅಂದರೆ ನನಗೆ ತುಂಬ ನೋವಾಗುತ್ತದೆ. ಟೈಪ್ ಮಾಡಿದ ಮೂಲ ಫೈಲನ್ನೇ ಯೂನಿಕೋಡ್‌ನಲ್ಲಿ ಹಾಕಿ. ಸಂದರ್ಶನದ ಕೋಣೆ ನೆಲಮಹಡಿಯಲ್ಲಿರಲಿ. ಸಂಜ್ಞಾ ಭಾಷೆಯ ದುಭಾಷಿ ಬೇಕೇ ಅಂತ ಅರ್ಜಿಯಲ್ಲೇ ಕೇಳಿ.

ಈಗ ಆಯ್ಕೆಗೆ ಬರೋಣ. ಯುಜಿಸಿ ನಿಯಮದ ಪ್ರಕಾರ ಸಮಿತಿಯಲ್ಲಿ ಮೂವರು ವಿಷಯ ತಜ್ಞರಿರಬೇಕು. ಹೊರಗಿನ ಇಬ್ಬರು ತಜ್ಞರಿಲ್ಲದೆ ಕೋರಂ ಆಗುವುದಿಲ್ಲ. ಆ ಮೂವರೂ ವಿಶೇಷ ಶಿಕ್ಷಣದವರೇ ಆಗಿರಲಿ ಅಂತ ಹಟ ಹಿಡಿಯಿರಿ. ತಜ್ಞರ ಪ್ಯಾನೆಲ್ ಮಂಜೂರು ಮಾಡಿಸುವಾಗಲೇ ಇದಾಗಬೇಕು. ಸಾಮಾನ್ಯ ಶಿಕ್ಷಣಶಾಸ್ತ್ರದವರೇ ತುಂಬಿದ್ದರೆ ಪ್ರಶ್ನೆಗಳೆಲ್ಲ ತತ್ವಶಾಸ್ತ್ರ, ಪಠ್ಯಕ್ರಮದ ಸುತ್ತ ಸುತ್ತಿ ಮುಗಿಯುತ್ತವೆ. ಮಗುವಿನ ವಿಷಯ ಬರುವುದೇ ಇಲ್ಲ.

ಸಂದರ್ಶನದ ಹಂತದಲ್ಲಿ ಸೆಮಿನಾರ್ ಅಥವಾ ತರಗತಿ ಪಾಠ ಮಾಡಿಸಿ ನೋಡಲು ನಿಯಮದಲ್ಲಿ ಅವಕಾಶವಿದೆ. ಅದನ್ನು ಪೂರ್ತಿ ಬಳಸಿಕೊಳ್ಳಿ. ನಾನಿದ್ದ ಒಂದು ಸಮಿತಿಯಲ್ಲಿ ಹೀಗೆ ಮಾಡಿದೆವು. ಒಂದು ಮಗುವಿನ ಫೈಲ್ ಕೊಟ್ಟೆವು, ಹೆಸರು ಊರು ತೆಗೆದು. ಒಂಬತ್ತು ವರ್ಷದ ಹುಡುಗಿ, ಸೆರೆಬ್ರಲ್ ಪಾಲ್ಸಿ, ಮಾತು ಬಾರದು, ಮನೆಯಲ್ಲೇ ಇದ್ದಾಳೆ. 'ನಿಮ್ಮ ಎಂಎಡ್ ವಿದ್ಯಾರ್ಥಿಗೆ ಈ ಮಗುವಿನ ಜೊತೆ ಮೊದಲ ತಿಂಗಳು ಏನು ಮಾಡಲು ಹೇಳುತ್ತೀರಿ?' ಅಂತ ಕೇಳಿದೆವು. ಒಬ್ಬರು ಯಾವ ಯಾವ ಪರೀಕ್ಷೆ ಮಾಡಿಸಬೇಕು ಅಂತ ಹೆಸರು ಹೇಳುತ್ತಾ ಹೋದರು. ಹೆಸರುಗಳೆಲ್ಲ ಸರಿಯಾಗಿಯೇ ಇದ್ದವು. ಇನ್ನೊಬ್ಬರು ಫೈಲ್ ಎರಡು ಸಲ ತಿರುವಿ ಹಾಕಿ, 'ಬಾಯಾರಿದಾಗ ನೀರು ಬೇಕು ಅಂತ ಈ ಹುಡುಗಿ ಹೇಗೆ ತೋರಿಸುತ್ತಾಳೆ? ಇದರಲ್ಲಿ ಬರೆದಿಲ್ಲ. ಅಮ್ಮನನ್ನು ಯಾರಾದರೂ ಕೇಳಿದ್ದಾರಾ?' ಅಂದರು. ಆಮೇಲೆ ಕಣ್ಣಿನ ನೋಟದಿಂದಲೇ ಬೇಕು ಬೇಡ ಹೇಳಿಸುವುದು, ಎರಡು ಚಿತ್ರದ ಕಾರ್ಡ್‌ನಿಂದ ಶುರು ಮಾಡುವುದು, ಊಟ ಮಾಡಿಸುವಾಗ ಕೂರಿಸುವ ಭಂಗಿ ಇವೆಲ್ಲ ಹೇಳಿದರು. ಅವರ ಸಂಶೋಧನಾ ಅಂಕ ಮೊದಲಿನವರಿಗಿಂತ ಕಮ್ಮಿ ಇತ್ತು. ಅಂಕ ಅರ್ಹತೆಯ ಹೊಸ್ತಿಲು ದಾಟಿಸುವುದಕ್ಕೆ ಮಾತ್ರ ಅನ್ನುವುದು ನನ್ನ ನಿಲುವು. ಹೊಸ್ತಿಲು ದಾಟಿದ ಮೇಲೆ ಇಂಥ ಪ್ರಶ್ನೆಗೆ ಏನು ಹೇಳುತ್ತಾರೆ ಅನ್ನುವುದೇ ಮುಖ್ಯ.

ನಮ್ಮ ನೆಲದ ಪ್ರಶ್ನೆಗಳನ್ನೂ ಕೇಳಿ. ಮಳೆಗಾಲದ ತೇವಕ್ಕೆ ಮಕ್ಕಳ ಶ್ರವಣಯಂತ್ರ ಪದೇ ಪದೇ ಕೆಡುತ್ತದೆ. ರಾತ್ರಿ ಬ್ಯಾಟರಿ ತೆಗೆದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಬೇಕು. ಇದನ್ನು ಮನೆಯವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಯಂತ್ರ ಕೆಟ್ಟು ಮಗು ಎರಡು ಮೂರು ತಿಂಗಳು ಏನೂ ಕೇಳಿಸದೆ ತರಗತಿಯಲ್ಲಿ ಕೂತಿರುತ್ತದೆ. ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರಲ್ಲೇ ಗುರುತಿಸುವ ವಂಶಪಾರಂಪರ್ಯ ಮೂಳೆ ಕೀಲಿನ ಕಾಯಿಲೆ 1970ರ ದಶಕದಿಂದ ಗೊತ್ತಿದೆ. ಆ ಮನೆಗಳ ಮಕ್ಕಳು ಶಾಲೆಯವರೆಗೆ ನಡೆಯುವುದು ಹೇಗೆ? ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯ ಮಗುವನ್ನು ಥೆರಪಿಗೆ ಸಾಗರಕ್ಕೆ ಕರೆತರಲು 2025ರ ಜುಲೈನಲ್ಲಿ ಸೇತುವೆ ಆಗುವವರೆಗೆ ಲಾಂಚ್ ಕಾಯಬೇಕಿತ್ತು. ಹೊರಗಿನಿಂದ ಬರುವವರಿಗೆ ಇದೆಲ್ಲ ಮೊದಲೇ ಗೊತ್ತಿರಬೇಕು ಅಂತಿಲ್ಲ. ಹೇಳಿದಾಗ ಕಿವಿಗೊಟ್ಟು ಮರುಪ್ರಶ್ನೆ ಕೇಳುತ್ತಾರಾ ಅಂತ ನೋಡಿ.

ಕನ್ನಡ ಬರಲೇಬೇಕಾ ಅಂತಲೂ ಕೇಳಿದ್ದೀರಿ. ಅರ್ಹತೆಯಾಗಿ ಹಾಕಬೇಡಿ, ಒಳ್ಳೆಯವರು ತಪ್ಪಿಹೋಗುತ್ತಾರೆ. ಆದರೆ ವಿದ್ಯಾರ್ಥಿಗಳ ಅಭ್ಯಾಸ ಪಾಠ ನಡೆಯುವುದು ಕನ್ನಡದಲ್ಲಿ, ತಾಯಂದಿರು ಮಾತಾಡುವುದು ಕನ್ನಡದಲ್ಲಿ. ಒಂದು ವರ್ಷದೊಳಗೆ ಕಲಿಯಲು ಮನಸ್ಸಿದೆಯಾ ಅಂತ ನೇರವಾಗಿ ಕೇಳಿ. ಅವರ ಜೊತೆಗೆ ಕನ್ನಡ ಚೆನ್ನಾಗಿ ಬರುವ ಅಸಿಸ್ಟೆಂಟ್ ಪ್ರೊಫೆಸರ್ ಒಬ್ಬರಾದರೂ ಇರಲಿ.

ಜೊತೆಗೆ ಅಂದೆ ಅಲ್ವಾ, ಅದೇ ನಿಜವಾದ ಸಮಸ್ಯೆ. ಹಿರಿಯರು ಶಿವಮೊಗ್ಗಕ್ಕೆ ಬರಲು ಹಿಂಜರಿಯುವುದು ದೂರದ ಕಾರಣಕ್ಕಲ್ಲ. ಬೆಂಗಳೂರಿಗೆ ರೈಲಿದೆ, 2023ರಿಂದ ಸೋಗಾನೆಯಲ್ಲಿ ವಿಮಾನ ನಿಲ್ದಾಣವೂ ಇದೆ. ಅವರು ಹೆದರುವುದು ಒಂಟಿಯಾಗುವುದಕ್ಕೆ. ಒಬ್ಬರನ್ನೇ ತಂದು, ಒಂದು ಕೋಣೆ ಕೊಟ್ಟು, ಉಳಿದವರೆಲ್ಲ ಅತಿಥಿ ಉಪನ್ಯಾಸಕರು ಅಂದರೆ ಒಂದೇ ವರ್ಷದಲ್ಲಿ ವಾಪಸ್ ಹೋಗುತ್ತಾರೆ. ಕಾಯಂ ಸಹಾಯಕ ಹುದ್ದೆ ಎಷ್ಟು, ಪ್ರಯೋಗಾಲಯಕ್ಕೆ ಹಣ ಎಷ್ಟು, ಹಳ್ಳಿಗೆ ಹೋಗಲು ವಾಹನ ಇದೆಯಾ, ಪಿಎಚ್‌ಡಿ ಸೀಟು ಎಷ್ಟು, ಇದನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿ. ಥೆರಪಿಸ್ಟ್ ಅಥವಾ ಸಾಧನ ತಯಾರಿಸುವ ತಂತ್ರಜ್ಞರು ಬೇಕಿದ್ದರೆ ಯುಜಿಸಿಯ 2022ರ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ದಾರಿ ಇದೆ. ಅದಕ್ಕೆ ಪಿಎಚ್‌ಡಿ ಕಡ್ಡಾಯವಲ್ಲ, 15 ವರ್ಷದ ವೃತ್ತಿ ಅನುಭವ ಬೇಕು. ಆದರೆ ಅದು ಅಧ್ಯಾಪಕ ವೃತ್ತಿಯವರಿಗಲ್ಲ, ನಿವೃತ್ತ ಅಧ್ಯಾಪಕರಿಗೂ ಇಲ್ಲ. ಕೆಲವೇ ವರ್ಷದ ನೇಮಕ, ಹಾಗಾಗಿ ವಿಭಾಗದ ಮುಖ್ಯಸ್ಥರ ಬದಲಿಗೆ ಅದನ್ನು ಬಳಸಬೇಡಿ.

ಈ ಕೆಲಸ ತಡಮಾಡುವಂಥದ್ದಲ್ಲ. ಪ್ರಾಥಮಿಕ ಹಂತದಲ್ಲಿ 10 ವಿಶೇಷ ಅಗತ್ಯದ ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು ವಿಶೇಷ ಶಿಕ್ಷಕರು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. 2025ರಲ್ಲಿ ಹುದ್ದೆಗಳನ್ನು ಮಂಜೂರು ಮಾಡಿ ಪ್ರಕಟಿಸಿ ಅಂತ ರಾಜ್ಯಗಳಿಗೆ ಮತ್ತೆ ಸೂಚಿಸಿತು. ಆ ಹುದ್ದೆಗಳು ಬಂದಾಗ ಮಲೆನಾಡಿನ ಹುಡುಗ ಹುಡುಗಿಯರೇ ತರಬೇತಿ ಪಡೆದು ಸಿದ್ಧರಿರಬೇಕು. ಇಲ್ಲಿನವರಾದರೆ ವರ್ಗಾವಣೆ ಕೇಳದೆ ಇಲ್ಲೇ ನಿಲ್ಲುತ್ತಾರೆ.

ಮೂರನೇ ಪ್ರಕಟಣೆ ಹೊರಡಿಸುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ತೀರ್ಥಹಳ್ಳಿ ಅಥವಾ ಹೊಸನಗರದ ಬಿಆರ್‌ಸಿಗೆ ಹೋಗಿ, ಅಲ್ಲಿನ ಬಿಐಇಆರ್‌ಟಿ ಜೊತೆ ಎರಡು ಮನೆ ನೋಡಿ ಬನ್ನಿ. ಕುಲಸಚಿವರನ್ನೂ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು, ಸಹಾಯಕ ಹುದ್ದೆಗಳ ಕಡತ ಬೇಗ ಹೊರಡುತ್ತದೆ. ಆಮೇಲೆ ಕೂತು ಪ್ರಕಟಣೆಯ ಕರಡು ಬರೆಯಿರಿ.