‘ಇಲ್ಲಿ ಎಲ್ಲರೂ ಒಂದೇ’ ಎಂದು ಬರೆದುಕೊಟ್ಟ ಹಾಳೆಗಳು

ಪತ್ರದ ಸಾರ: ಹಾಸನದ ಕ್ಯಾಂಪಸ್ಸೊಂದರಲ್ಲಿ ಪಾಠ ಮಾಡುವ ಓದುಗರೊಬ್ಬರು, ಹೆಸರು ಹಾಕಬೇಡಿ ಎಂದು ಕೇಳಿಕೊಂಡು, ಹೀಗೆ ಬರೆದಿದ್ದಾರೆ. ಕಳೆದ ಸೆಮಿಸ್ಟರಿನಲ್ಲಿ ಅವರು ವಿದ್ಯಾರ್ಥಿಗಳ ಸಮೀಕ್ಷೆ ಮಾಡಿಸಿದರು. ‘ನಮ್ಮ ಕ್ಯಾಂಪಸ್ಸಿನಲ್ಲಿ ಜಾತಿ, ಧರ್ಮ, ಲಿಂಗ, ಭಾಷೆಯ ಭೇದವಿಲ್ಲದೆ ಎಲ್ಲರನ್ನೂ ಸಮಾನವಾಗಿ ಕಾಣಲಾಗುತ್ತದೆ’ ಎಂಬ ಸಾಲಿಗೆ ಹೆಚ್ಚುಕಡಿಮೆ ಎಲ್ಲರೂ ‘ಒಪ್ಪುತ್ತೇನೆ’ ಎಂದು ಟಿಕ್ ಹಾಕಿದ್ದಾರೆ. ‘ಆದರೆ ಕ್ಯಾಂಟೀನಿಗೆ ಹೋದರೆ ಹಾಸ್ಟೆಲ್ಲಿನವರದೇ ಒಂದು ಮೂಲೆ, ಹಳ್ಳಿ ಬಸ್ಸಿನವರದೇ ಇನ್ನೊಂದು ಮೂಲೆ. ಮಕ್ಕಳು ಸುಳ್ಳು ಹೇಳಿದರೋ, ಸಮೀಕ್ಷೆಯೇ ಸುಳ್ಳೋ? ಈ ವರ್ಷ ಮತ್ತೆ ಮಾಡಬೇಕಿದೆ. ಹೇಗೆ ಮಾಡಲಿ, ವರದಿಯನ್ನು ಮೊದಲು ಯಾರ ಕೈಗೆ ಕೊಡಲಿ?’ ಇದು ಅವರ ಪ್ರಶ್ನೆ. ಅವರು ತಮ್ಮ ಪ್ರಶ್ನಾವಳಿಯ ಮತ್ತು ಕಳೆದ ಸಲದ ವರದಿಯ ಪ್ರತಿಯನ್ನೂ ಕಳಿಸಿದ್ದಾರೆ.

ಮೇಡಂ, ನಮಸ್ಕಾರ.

ಮಕ್ಕಳು ಸುಳ್ಳು ಹೇಳಿಲ್ಲ. ಆ ಸಾಲಿಗೆ ಬೇರೆ ಉತ್ತರ ಬರುವುದು ಕಷ್ಟ. ನಾಲ್ಕು ಭೇದಗಳನ್ನು ಒಂದೇ ವಾಕ್ಯಕ್ಕೆ ತುರುಕಿದ್ದೀರಿ. ಭಾಷೆಯ ವಿಷಯದಲ್ಲಿ ಆರಾಮಾಗಿದ್ದು ಜಾತಿಯ ವಿಷಯದಲ್ಲಿ ಮಾತು ತಿಂದ ಹುಡುಗ ಎಲ್ಲಿ ಟಿಕ್ ಹಾಕಬೇಕು? ಸಾಲದ್ದಕ್ಕೆ ನೀವು ಕೇಳಿದ್ದು ಕಾಲೇಜಿಗೊಂದು ಕ್ಯಾರೆಕ್ಟರ್ ಸರ್ಟಿಫಿಕೇಟ್. ಕ್ಲಾಸ್ ಟೀಚರೇ ಹಾಳೆ ಹಂಚಿ, ಇಂಟರ್ನಲ್ಸ್ ಅಂಕ ಇನ್ನೂ ಅಪ್‌ಲೋಡ್ ಆಗದ ವಾರದಲ್ಲಿ, ಮೇಲ್ಗಡೆ ರಿಜಿಸ್ಟರ್ ನಂಬರನ್ನೂ ಬರೆಸಿಕೊಂಡು ಕೇಳಿದರೆ ಯಾರು ತಾನೆ ಕೊಡುವುದಿಲ್ಲ?

ಎಷ್ಟು ಬಗೆಯ ಮಕ್ಕಳಿದ್ದಾರೆ ಎಂಬುದನ್ನು ವಿದ್ಯಾರ್ಥಿಗಳನ್ನು ಕೇಳಿ ತಿಳಿಯಬೇಕಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ ಉನ್ನತ ಶಿಕ್ಷಣ ಸಮೀಕ್ಷೆಗೆ, ಅಂದರೆ ‘ಐಶೆ’ಗೆ, ನಿಮ್ಮ ಆಫೀಸಿನವರು ಪ್ರತಿವರ್ಷ ತುಂಬಿ ಕಳಿಸುವ ನಮೂನೆಯಲ್ಲಿ ಲಿಂಗ, ಪ್ರವರ್ಗ, ಅಂಗವೈಕಲ್ಯದ ಲೆಕ್ಕ ಇದ್ದೇ ಇದೆ. ಒಂದು ಪ್ರತಿ ತರಿಸಿಕೊಳ್ಳಿ. ಅದರಲ್ಲಿ ಕಾಣದ್ದು ಬೇರೆ ಇದೆ: ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು, ಸಕಲೇಶಪುರ–ಮೂಡಿಗೆರೆ ಕಡೆಯ ಎಸ್ಟೇಟ್ ಕೂಲಿಕಾರರ ಲೈನುಮನೆಗಳಿಂದ ಬರುವವರು, ಮನೆಯಲ್ಲಿ ತುಳು, ಬ್ಯಾರಿ, ಉರ್ದು, ಲಂಬಾಣಿ ಆಡುವವರು. ಹಾಸನ, ಚಿಕ್ಕಮಗಳೂರು ಈ ನಮ್ಮ ಎರಡು ಜಿಲ್ಲೆಗಳಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಎಂಬುದನ್ನು ತೀರ್ಮಾನಿಸುವುದು ಬಹಳಷ್ಟು ಸಲ ಇವೇ. ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ನ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯ 21 ಪ್ರಶ್ನೆಗಳು ಮುಖ್ಯವಾಗಿ ಪಾಠ–ಬೋಧನೆಯ ಸುತ್ತಲಿನವು. ಅದನ್ನೇ ಈ ಕೆಲಸಕ್ಕೆ ಎಳೆದು ತರಬೇಡಿ.

ಅಭಿಪ್ರಾಯ ಕೇಳುವುದನ್ನು ಬಿಟ್ಟು, ನಡೆದದ್ದನ್ನು ಕೇಳಿ. ಅವಧಿಯನ್ನೂ ಹೇಳಿ. ‘ಈ ಸೆಮಿಸ್ಟರಿನಲ್ಲಿ, ಇಂಗ್ಲಿಷಿನಲ್ಲಿ ಕೇಳಲು ಹಿಂಜರಿದು ತರಗತಿಯಲ್ಲಿ ಡೌಟ್ ಕೇಳದೆ ಬಿಟ್ಟದ್ದುಂಟೆ?’ ‘ಪ್ರಾಜೆಕ್ಟಿಗೆ ಗುಂಪು ಮಾಡುವಾಗ ಯಾರೂ ಸೇರಿಸಿಕೊಳ್ಳದೆ ಕೊನೆಗೆ ಉಳಿದದ್ದುಂಟೆ?’ ‘ನಿಮ್ಮ ಊರು, ಅಡ್ಡಹೆಸರು ಅಥವಾ ಊಟದ ಅಭ್ಯಾಸ ಕೇಳಿ ಜಾತಿ ತಿಳಿಯಲು ಯಾರಾದರೂ ನೋಡಿದ್ದುಂಟೆ?’ ಉತ್ತರಕ್ಕೆ ನಾಲ್ಕೇ ಮನೆ ಇರಲಿ: ಒಮ್ಮೆಯೂ ಇಲ್ಲ, ಒಂದೆರಡು ಸಲ, ಹಲವು ಸಲ, ಹೇಳಲು ಇಷ್ಟವಿಲ್ಲ. ಕೊನೆಯದನ್ನು ಬಿಡಲೇಬೇಡಿ. ಒಂದು ಪ್ರಶ್ನೆಗೆ, ಒಂದೇ ಗುಂಪಿನ ಮಕ್ಕಳು ಹೆಚ್ಚಾಗಿ ‘ಹೇಳಲು ಇಷ್ಟವಿಲ್ಲ’ ಎಂದಿದ್ದರೆ ಮೊದಲು ಗಮನ ಕೊಡಬೇಕಾದ್ದು ಅಲ್ಲಿಗೇ. 15ರಿಂದ 18 ಪ್ರಶ್ನೆ, ಹತ್ತು ನಿಮಿಷ. ಅದಕ್ಕಿಂತ ಹೆಚ್ಚಾದರೆ ಮೂರನೇ ಪುಟದಿಂದಾಚೆ ಕಣ್ಣುಮುಚ್ಚಿ ಒಂದೇ ಮನೆಗೆ ಟಿಕ್ ಬೀಳುತ್ತಾ ಹೋಗುತ್ತದೆ. ಅಚ್ಚಿಗೆ ಕೊಡುವ ಮುಂಚೆ ಎಂಟು ಹತ್ತು ಜನರ ಕೈಲಿ ತುಂಬಿಸಿ, ಎಲ್ಲಿ ತಡವರಿಸಿದರು ಎಂದು ಕೇಳಿ ತಿದ್ದಿ.

ಒಂದು ಪ್ರಶ್ನೆಯನ್ನು ತಪ್ಪದೆ ಸೇರಿಸಿ: ‘ತರಗತಿಯಲ್ಲಿ ಎಲ್ಲರೆದುರು ನಿಮ್ಮ ಜಾತಿ ಬಯಲಾಗುವಂತೆ ಕೇಳಿದ್ದುಂಟೆ?’ ಸ್ಕಾಲರ್‌ಶಿಪ್ ಕಾಲದಲ್ಲಿ ಪಾಠದ ಮಧ್ಯೆ ಆಫೀಸಿನಿಂದ ಒಬ್ಬರು ಲಿಸ್ಟ್ ಹಿಡಿದು ಬಂದು ‘ಎಸ್‌ಸಿ ಎಸ್‌ಟಿಯವ್ರು ಎದ್ದು ನಿಂತ್ಕೊಳಿ, ಎಸ್‌ಎಸ್‌ಪಿಗೆ ಡಾಕ್ಯುಮೆಂಟ್ ಕೊಡದೆ ಇರೋರು ಯಾರ್ಯಾರು?’ ಎಂದು ಕೇಳುವುದು ನಮ್ಮ ಕಡೆಯ ಕಾಲೇಜುಗಳಿಗೆ ಹೊಸದೇನಲ್ಲ (ಎಸ್‌ಎಸ್‌ಪಿ ಎಂದರೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್). ಬಂದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಕೊನೇ ದಿನಾಂಕ ಹತ್ತಿರ ಬಂದಿರುತ್ತದೆ, ಯಾರದೋ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ಆದರೆ ಆ ಎರಡು ನಿಮಿಷದಲ್ಲಿ ಅರವತ್ತು ಜನರೆದುರು ಹತ್ತು ಹನ್ನೆರಡು ಮಂದಿಯ ಜಾತಿ ಪ್ರಕಟವಾಯಿತು. ಆಮೇಲೆ ಕ್ಯಾಂಟೀನಿನ ಮೂಲೆಗಳು ಹೇಗಾದವು ಎಂದು ಹುಡುಕುವ ಅಗತ್ಯವಿಲ್ಲ. ಇದನ್ನು ಸರಿಪಡಿಸಲು ದುಡ್ಡೂ ಬೇಡ, ಸಮಿತಿಯೂ ಬೇಡ. ಬಾಕಿಯಿರುವವರ ಮೊಬೈಲಿಗೆ ಒಬ್ಬೊಬ್ಬರಿಗೇ ಸಂದೇಶ ಹೋಗಲಿ. ವಾಟ್ಸಾಪ್ ಗ್ರೂಪಿಗೆ ಇಡೀ ಲಿಸ್ಟ್ ಹಾಕುವುದು ಎದ್ದು ನಿಲ್ಲಿಸುವುದಕ್ಕಿಂತ ಕೆಟ್ಟದ್ದು, ಅದು ಅಳಿಯದೆ ಉಳಿಯುತ್ತದೆ.

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ವರದಿಯಲ್ಲಿರುವುದು ಬರೀ ಸರಾಸರಿ. 400 ಮಂದಿ ಐದಕ್ಕೆ ಇಷ್ಟು ಎಂದು ಅಂಕ ಕೊಟ್ಟರು ಅಂದುಕೊಳ್ಳಿ. 340 ಜನರ ಸರಾಸರಿ 4.3, ಉಳಿದ 60 ಜನರದು 2.6. ಒಟ್ಟು ಸರಾಸರಿ ಎಷ್ಟು ಗೊತ್ತೆ? 4.045. ‘ಉತ್ತಮ’ ಎಂದು ಫೈಲಿಗೆ ಹೋಗುತ್ತದೆ, ಆ ಅರವತ್ತು ಮಂದಿ ಕಾಗದದ ಮೇಲೆ ಇಲ್ಲವೇ ಇಲ್ಲ. ಹಾಗಾಗಿ ಪ್ರತಿ ಪ್ರಶ್ನೆಯನ್ನೂ ಗುಂಪುವಾರು ಬಿಡಿಸಿ, ಅಂತರ ನೋಡಿ. ಎಲ್ಲೂ ಅನ್ಯಾಯ ಕಂಡಿಲ್ಲ ಎನ್ನುವ 340 ಮಂದಿ ನಿಜವನ್ನೇ ಹೇಳುತ್ತಿದ್ದಾರೆ, ಅವರಿಗೆ ಕಂಡಿಲ್ಲ.

ಸ್ಯಾಂಪಲ್ ತೆಗೆಯಬೇಕೆ ಎಂದು ಪತ್ರದ ಅಂಚಿನಲ್ಲಿ ಕೇಳಿದ್ದೀರಿ. 1200 ಮಂದಿಯ ಕ್ಯಾಂಪಸ್ಸಿನಲ್ಲಿ ಚೀಟಿ ಎತ್ತಿದಂತೆ ಆರಿಸಿದ 290 ಮಂದಿ ಸಿಕ್ಕರೆ ಒಟ್ಟಾರೆ ಚಿತ್ರ ಐದು ಶೇಕಡಾ ಆಚೀಚೆಯಲ್ಲಿ ದೊರೆಯುತ್ತದೆ. ಆದರೆ ಕ್ಯಾಂಪಸ್ಸಿನಲ್ಲಿ 30 ಮಂದಿಯಷ್ಟೇ ಇರುವ ಗುಂಪಿನಿಂದ ಅದರಲ್ಲಿ ಬರುವವರು ಏಳೋ ಎಂಟೋ. ಅಷ್ಟರಿಂದ ಏನೂ ಹೇಳಲಾಗದು. ನಿಮಗೆ ಬೇಕಿರುವುದೇ ಸಣ್ಣ ಗುಂಪುಗಳ ಮಾತು, ಆದ್ದರಿಂದ ಎಲ್ಲರಿಗೂ ಹಾಳೆ ಕೊಡಿ.

ಸಣ್ಣ ಗುಂಪು ಎಂದ ಕೂಡಲೇ ಗುಟ್ಟಿನ ಪ್ರಶ್ನೆ ಬರುತ್ತದೆ. ಹೆಸರು ಬರೆಸದಿದ್ದರೆ ಸಾಕು ಎಂದುಕೊಳ್ಳುವುದು ದೊಡ್ಡ ಎಡವಟ್ಟು. ವಿಭಾಗ, ವರ್ಷ, ಲಿಂಗ, ಪ್ರವರ್ಗ, ತಾಲ್ಲೂಕು ಐದನ್ನೂ ಕೇಳಿದರೆ 40 ಜನರ ತರಗತಿಯಲ್ಲಿ ಅರ್ಧ ಜನ ಯಾರ್ಯಾರು ಎಂದು ಗೊತ್ತಾಗಿಬಿಡುತ್ತದೆ. ವಿಭಾಗವನ್ನು ಕೈಬಿಡಿ, ತಾಲ್ಲೂಕಿನ ಬದಲು ‘ಹಾಸ್ಟೆಲ್, ಮನೆ, ಪಿಜಿ, ದಿನಾ ಬಸ್ಸು’ ಎಂದು ಕೇಳಿ. ಈ ವೈಯಕ್ತಿಕ ವಿವರಗಳು ಹಾಳೆಯ ಕೊನೆಯಲ್ಲಿರಲಿ. ಮೊದಲೇ ಕೇಳಿದರೆ ಮಿಕ್ಕ ಉತ್ತರಗಳು ಬಿಗಿಯಾಗುತ್ತವೆ. ಹತ್ತಕ್ಕಿಂತ ಕಡಿಮೆ ಮಂದಿಯ ಗುಂಪಿನ ಅಂಕಿಯನ್ನು ವರದಿಯಲ್ಲಿ ಬೇರೆಯಾಗಿ ತೋರಿಸಬೇಡಿ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಂಥ ಹಕ್ಕಿಪಿಕ್ಕಿ ಬುಡಕಟ್ಟಿನವರ ಊರಿನಿಂದ ನಿಮ್ಮಲ್ಲಿಗೆ ಇಬ್ಬರು ಬಂದಿದ್ದರೆ ಅವರಿಗೆ ಯಾವ ಪ್ರಶ್ನಾವಳಿಯೂ ಮರೆ ಕೊಡಲಾರದು. ಅಂಥವರ ಮಾತು ಕೇಳಲು ಆರೇಳು ಜನರ ಮಿಶ್ರ ಗುಂಪು ಮಾಡಿ, ಕಾಲೇಜಿಗೆ ಸಂಬಂಧಪಡದವರೊಬ್ಬರನ್ನು ಕೂರಿಸಿ, 45 ನಿಮಿಷ ಮಾತಾಡಿಸಿ. ರೆಕಾರ್ಡಿಂಗ್ ಬೇಡ.

ಗೂಗಲ್ ಫಾರಂ ಸುಲಭ ನಿಜ. ಇಮೇಲ್ ಸಂಗ್ರಹಿಸುವ ಆಯ್ಕೆಯನ್ನು ಆಫ್ ಮಾಡಲು ಮರೆತರೆ ಕೆಲಸ ಕೆಟ್ಟಿತು. ಒಬ್ಬರಿಗೆ ಒಂದೇ ಉತ್ತರ ಎಂಬ ಆಯ್ಕೆ ಇಟ್ಟರೆ ಲಾಗಿನ್ ಕೇಳುತ್ತದೆ, ಅಲ್ಲಿಗೆ ಮಕ್ಕಳ ನಂಬಿಕೆ ಹೋಯಿತು. ನಮ್ಮ ಮಾತು ಕೇಳುವುದಾದರೆ ಕಾಗದವೇ ಲೇಸು: ಟಿಕ್ ಮಾತ್ರ, ಎಲ್ಲರಿಗೂ ಒಂದೇ ಬಣ್ಣದ ಪೆನ್ನು, ಬೀಗ ಹಾಕಿದ ಪೆಟ್ಟಿಗೆ, ಹಂಚುವವರು ಬೇರೆ ವಿಭಾಗದವರು. ‘ಬೇರೇನಾದರೂ ಹೇಳುವುದಿದ್ದರೆ’ ಎಂಬುದಕ್ಕೆ ಪ್ರತ್ಯೇಕ ಚೀಟಿ ಕೊಡಿ, ಏಕೆಂದರೆ ಮೇಷ್ಟ್ರಿಗೆ ಮಕ್ಕಳ ಕೈಬರಹ ಚೆನ್ನಾಗಿ ಗೊತ್ತು. ಹೊರಗಿನವರ ಕೈಲಿ ಟೈಪ್ ಮಾಡಿಸಿದ ಮೇಲೆ ಮೂಲ ಚೀಟಿಗಳನ್ನು ಹರಿದುಹಾಕಿ. ಇಂಟರ್ನಲ್ಸ್ ಮುಗಿದು ಅಂಕ ಪ್ರಕಟವಾದ ಮೇಲೆ ಸಮೀಕ್ಷೆ ಇಟ್ಟುಕೊಳ್ಳಿ.

ಜಾತಿ, ಭಾಷೆ ಎಂದು ಹುಡುಕುತ್ತಾ ಹೋದಾಗ ಎಷ್ಟೋ ಸಲ ಟೈಂಟೇಬಲ್ ಸಿಕ್ಕಿಬೀಳುತ್ತದೆ. ಅರಕಲಗೂಡು, ಆಲೂರು, ಸಕಲೇಶಪುರದ ಒಳಹಳ್ಳಿಗಳಿಂದ ಬರುವವರಿಗೆ ಬೆಳಗಿನ ಮೊದಲ ಅವಧಿಯ ಹಾಜರಿ ಬಸ್ಸಿನ ಕೈಲಿದೆ, ಸಂಜೆಯ ಕ್ರೀಡೆ, ನಾಟಕ, ಕ್ಲಬ್ಬು ಕೂಡ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚು ತಪ್ಪಿತು, ಕೊನೇ ಬಸ್ಸಿನ ಹೊತ್ತು ಬದಲಾಗಲಿಲ್ಲ. ‘ಆ ಮಕ್ಕಳಿಗೆ ಆಸಕ್ತಿಯೇ ಇಲ್ಲ’ ಎಂದು ಸ್ಟಾಫ್‌ರೂಮಿನಲ್ಲಿ ಮಾತಾಡುವ ಮುಂಚೆ ಎಲ್ಲ ಚಟುವಟಿಕೆಯನ್ನೂ ವಾರದಲ್ಲಿ ಎರಡು ದಿನ ಮಧ್ಯಾಹ್ನದ ಒಂದು ಅವಧಿಗೆ ತಂದು ನೋಡಿ.

ಅಂಗವಿಕಲ ಮಕ್ಕಳ ಮಾತಿಗೆ ಬಂದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಗುರುತಿಸುತ್ತದೆ, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಐದು ಶೇಕಡಾ ಸೀಟು ಮೀಸಲಿಡಲು ಹೇಳುತ್ತದೆ. ಸೀಟು ಕೊಟ್ಟ ಮೇಲೆ ಏನಾಗುತ್ತದೆ? ತಲಾ 15 ಸೆಂಟಿಮೀಟರಿನ ಮೂರು ಮೆಟ್ಟಿಲಿದ್ದರೆ ಎತ್ತರ 45 ಸೆಂಟಿಮೀಟರ್. ಒಂದಕ್ಕೆ ಹನ್ನೆರಡರ ಇಳಿಜಾರಿಗೆ ರ‍್ಯಾಂಪ್ ಉದ್ದ 5.4 ಮೀಟರ್ ಬೇಕು. ಜಾಗವಿಲ್ಲವೆಂದು ಎರಡೇ ಮೀಟರಿಗೆ ಮುಗಿಸಿ, ಮೇಲೆ ನುಣುಪು ಟೈಲ್ಸ್ ಹಾಕುತ್ತಾರೆ. ಮಲೆನಾಡಿನ ಮಳೆಗಾಲದಲ್ಲಿ ಅದರ ಮೇಲೆ ಪಾಚಿ ಕಟ್ಟಿದರೆ ಎರಡು ಕಾಲಿದ್ದವರೂ ಜಾರುತ್ತಾರೆ. ಒರಟು ಸಿಮೆಂಟು, ಎರಡೂ ಬದಿ ಕೈಹಿಡಿ, 90 ಸೆಂಟಿಮೀಟರ್ ಅಗಲದ ಶೌಚಾಲಯದ ಬಾಗಿಲು ಮಾಡಿಸಿ. ಕಟ್ಟಡದ ಕೆಲಸ ತಡವಾದರೆ ಆ ಮಗುವಿನ ತರಗತಿಯನ್ನಾದರೂ ಕೆಳಮಹಡಿಗೆ ತನ್ನಿ. ಮತ್ತೆ, ಬರಹಗಾರರ ನೆರವು ಪಡೆಯುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡುವುದನ್ನು ಸೆಮಿಸ್ಟರ್ ಪರೀಕ್ಷೆಯಲ್ಲಿ ಪಾಲಿಸಿ ಇಂಟರ್ನಲ್ಸಿನಲ್ಲಿ ಮರೆಯುವವರುಂಟು.

ಇನ್ನೊಂದು ಮಾತು. ನೀವು ಹಾಳೆ ಹಂಚುವ ದಿನ ತರಗತಿಯಲ್ಲಿ ಇರುವವರು ಉಳಿದುಕೊಂಡವರು. ಮೊದಲ ಸೆಮಿಸ್ಟರಿಗೆ ಸೇರಿ ಮೂರನೆಯದಕ್ಕೆ ಬಾರದವರ ಪಟ್ಟಿಯನ್ನು ಪ್ರವರ್ಗವಾರು ಆಫೀಸಿನಿಂದ ತರಿಸಿ, ಸಮೀಕ್ಷೆಯ ಪಕ್ಕದಲ್ಲಿಟ್ಟು ಓದಿ.

ಸಮೀಕ್ಷೆಯಲ್ಲಿ ದೂರು ಬಂದರೆ ಅದನ್ನು ಅಂಕಿಯಾಗಿಸಿ ಮುಗಿಸಬೇಡಿ. ಹಾಳೆಯ ಮೇಲ್ಭಾಗದಲ್ಲೇ ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522 ಮತ್ತು ನಿಮ್ಮ ಆಂತರಿಕ ದೂರು ಸಮಿತಿಯ ಸದಸ್ಯರ ಹೆಸರುಗಳನ್ನು ಅಚ್ಚು ಹಾಕಿಸಿ. ಲೈಂಗಿಕ ಕಿರುಕುಳದ ಲಿಖಿತ ದೂರಿಗೆ ಘಟನೆಯಿಂದ ಮೂರು ತಿಂಗಳ ಗಡುವಿದೆ, ವರದಿ ಬರಲೆಂದು ಕಾಯುತ್ತಾ ಅದು ಮೀರಬಾರದು. ಸಮಾನ ಅವಕಾಶ ಕೋಶ ಇರಬೇಕು, ಭೇದಭಾವ ತಡೆಯುವ ಅಧಿಕಾರಿ ಇರಬೇಕು ಎಂದು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2012ರಲ್ಲೇ ಹೇಳಿತ್ತು. ನಿಮ್ಮಲ್ಲಿ ಅವರು ಯಾರೆಂದು ವಿದ್ಯಾರ್ಥಿಗಳಿಗೆ ಗೊತ್ತೇ ಎಂಬುದನ್ನೇ ಒಂದು ಪ್ರಶ್ನೆಯಾಗಿ ಹಾಕಿ.

ವರದಿ ಮೊದಲು ಯಾರ ಕೈಗೆ? ಪ್ರಾಂಶುಪಾಲರಿಗೇ ಕೊಡಿ, ಅವರನ್ನು ದಾಟಿ ಹೋಗಿ ಸಾಧಿಸುವುದು ಏನೂ ಇಲ್ಲ. ಆದರೆ ಪ್ರಶ್ನಾವಳಿಯ ಕೊನೆಯ ಸಾಲಿನಲ್ಲೇ ‘ಇದರ ಫಲಿತಾಂಶ ಇಂಥ ತಾರೀಖಿನಂದು ನೋಟಿಸ್ ಬೋರ್ಡಿನಲ್ಲಿರುತ್ತದೆ’ ಎಂದು ಅಚ್ಚು ಹಾಕಿಸಿ, ಅದಕ್ಕೆ ಅವರ ಸಹಿಯನ್ನು ಮುಂಚೆಯೇ ಪಡೆದುಕೊಳ್ಳಿ. ಮೂರು ವಾರ ಸಾಕು. ಬೋರ್ಡಿಗೆ ಹಾಕುವುದು ಕನ್ನಡದಲ್ಲಿ ಒಂದೇ ಹಾಳೆ ಇರಲಿ: ಏನು ಹೇಳಿದಿರಿ, ಏನು ಮಾಡಿದೆವು, ಯಾವುದನ್ನು ಮಾಡಲಾಗಲಿಲ್ಲ, ಯಾಕೆ.

— ಸಂ.