ಹೌದು, ಅಲ್ಲಿ ಮೊದಲು ಗಿಟಾರ್ ಅಂಗಡಿಯೇ ಇತ್ತು

ಅಮೆರಿಕದ ನ್ಯಾಶ್‌ವಿಲ್‌ನ ರಾಬರ್ಟ್ಸ್ ವೆಸ್ಟರ್ನ್ ವರ್ಲ್ಡ್ ಅನ್ನೋ ಸಂಗೀತದ ಬಾರ್ ಹಿಂದೆ ಗಿಟಾರ್ ಅಂಗಡಿಯಾಗಿತ್ತಂತೆ, ನಿಜವಾ ಅಂತ ಕೇಳಿದ್ದೀರಿ. ನಿಜ. ಆ ಕಟ್ಟಡದಲ್ಲಿ ಇದ್ದದ್ದು ಸ್ಟೀಲ್ ಗಿಟಾರ್ ತಯಾರಿಸುತ್ತಿದ್ದ ಶೋ-ಬಡ್ ಕಂಪನಿ. ಸ್ಟೀಲ್ ಗಿಟಾರ್ ವಾದಕರಾದ ಶಾಟ್ ಜಾಕ್ಸನ್ ಮತ್ತು ಬಡಿ ಎಮನ್ಸ್ ಸೇರಿ 1950ರ ದಶಕದಲ್ಲಿ ಶುರು ಮಾಡಿದ್ದು, ಇಬ್ಬರ ಹೆಸರನ್ನೂ ಕತ್ತರಿಸಿ ಅಂಟಿಸಿದ ಹೆಸರು. ಆಮೇಲೆ ಅದು ಬೂಟು, ಬಟ್ಟೆ ಮಾರೋ ಅಂಗಡಿಯಾಯ್ತು, ಕೊನೆಗೆ ಹಾಂಕಿ-ಟಾಂಕ್, ಅಂದರೆ ಕಂಟ್ರಿ ಸಂಗೀತ ನುಡಿಸೋ ಬಾರ್. ಗೋಡೆ ತುಂಬಾ ಬೂಟುಗಳು ಈಗಲೂ ಇವೆ.

ಅಲ್ಲಿ ವೇದಿಕೆಯಲ್ಲಿ ಮೇಜಿನಂಥ ವಾದ್ಯ ನೋಡಿದೆ ಅಂದಿರಲ್ಲ, ಆ 'ಮೇಜು' ಪೆಡಲ್ ಸ್ಟೀಲ್ ಗಿಟಾರ್. ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿ ಮೇಲೆ ಜಾರಿಸುತ್ತಾರೆ, ನಮ್ಮ ಗೋಟುವಾದ್ಯದ ಹಾಗೆ. ವ್ಯತ್ಯಾಸ ಇರೋದು ವಾದ್ಯದ ಕೆಳಗೆ. ಕಾಲಲ್ಲಿ ಪೆಡಲ್ ಒತ್ತಿದರೆ ಸರಳು ಎಳೆದು, ಮೀಟಿದ ತಂತಿಯ ಶ್ರುತಿಯೇ ಏರುತ್ತದೆ. ಒಂದು ತಂತಿ ಅಲ್ಲೇ ನಿಂತಿರುತ್ತೆ, ಪಕ್ಕದ್ದು ಮಾತ್ರ ಮೇಲಕ್ಕೆ ಸರಿಯುತ್ತೆ. ಆ ಅಳುವ ದನಿ ಬರೋದು ಅಲ್ಲಿಂದ. ಮೊದಲು ಒಂದೇ ಪೆಡಲ್ ಮಾಡುತ್ತಿದ್ದ ಕೆಲಸವನ್ನು ಎಮನ್ಸ್ ಎರಡು ಪೆಡಲ್‌ಗೆ ಹಂಚಿದ. ಇವತ್ತಿಗೂ ಜಾಸ್ತಿ ಜನ ನುಡಿಸೋದು ಹಾಗೇ. ನನ್ನ ಪ್ರಕಾರ ಕಂಪನಿಗಿಂತ ದೊಡ್ಡ ಆಸ್ತಿ ಅದೇ.

ಎಮನ್ಸ್ 1963ರ ಹೊತ್ತಿಗೆ ಬೇರೆಯಾಗಿ ತನ್ನದೇ ಕಂಪನಿ ಕಟ್ಟಿದ.

ಮುಂದಿನ ಸಲ ಹೋದರೆ ವೇದಿಕೆ ಹತ್ತಿರ ನಿಲ್ಲಿ. ಹಳೇ ಶೋ-ಬಡ್ ಇದ್ದರೆ ತಂತಿಗಳ ಕೆಳಗೆ ಇಸ್ಪೀಟ್ ಎಲೆಯ ಗುರುತುಗಳು ಕಾಣುತ್ತವೆ. ಹಾಂ, ಕರಿದ ಬಲೋನಿ (ಒಂದು ಬಗೆಯ ಮಾಂಸದ ಸಾಸೇಜ್) ಸ್ಯಾಂಡ್‌ವಿಚ್ ಅಲ್ಲಿ ಫೇಮಸ್ಸು. ಸಸ್ಯಾಹಾರಿಗಳಾದರೆ ಸುಮ್ನೆ ಹಾಡು ಕೇಳಿ ಬನ್ನಿ.